ಕೈಬಿಟ್ಟ ಒಂಬತ್ತು ಹೆಸರು

ಕೃಷ್ಣಾಜಿ ಗಲಗಲಿಯವರು ದಿಲ್ಲಿಯಲ್ಲಿದ್ದ ಹನ್ನೆರಡು ವರ್ಷಗಳಲ್ಲಿ ರಾಜ್ಯಸಭೆಯ ಐದು ಮಂದಿ ಸದಸ್ಯರಿಗೆ ಕಾಗದಪತ್ರ ಟೈಪ್ ಮಾಡಿಕೊಟ್ಟಿದ್ದರು. ಈಗ ಅವರಿರುವ ಪುಣೆಯ ಧನಕವಡಿಯಲ್ಲಿ ಬೆಳಗಿನ ತಿರುಗಾಟಕ್ಕೆ ಬರುವ ಮುದುಕರಿಗೆಲ್ಲ ಇದು ಗೊತ್ತಿತ್ತು. ಚಹಾ ಕುಡಿಯುತ್ತ ಯಾರಾದರೂ ರಾಜಕೀಯ ಎತ್ತಿದರೆ ಸಾಕು, ಅವರು ಕನ್ನಡಕ ಸರಿಮಾಡಿಕೊಂಡು, ಆಗಿನ ಮೆಂಬರರ ಕಾಲವೇ ಬೇರೆ ಎಂದು ಮರಾಠಿಯಲ್ಲಿ ಶುರುಮಾಡುತ್ತಿದ್ದರು. ಒಬ್ಬ ವಕೀಲರು ಗಡ್ಡ ಹೆರೆದುಕೊಳ್ಳುತ್ತಲೇ ಪತ್ರ ಹೇಳಿ ಬರೆಸುತ್ತಿದ್ದರು. ಇನ್ನೊಬ್ಬರು ತಮ್ಮೂರಲ್ಲಿ ರೈಲು ನಿಲ್ಲಿಸಬೇಕೆಂದು ಆರು ವರ್ಷ ಒಂದೇ ಪತ್ರವನ್ನು ತಾರೀಖು ಬದಲಿಸಿ ಕಳಿಸಿದ್ದರು. ಹೀಗೆ ನಾಲ್ವರ ಕತೆ ಹೇಳಿ ನಗಿಸುತ್ತಿದ್ದ ಕೃಷ್ಣಾಜಿ, ಐದನೆಯವರಾದ ಅವ್ವಣ್ಣ ಮ್ಯಾಕೇರಿಯವರ ಹೆಸರು ಬಂದಾಗ ಮಾತ್ರ ಬಹಳ ಸಾದಾ ಮನುಷ್ಯರು ಎಂದಷ್ಟೇ ಹೇಳಿ ಚಹಾದ ಲೋಟ ಕೆಳಗಿಡುತ್ತಿದ್ದರು.

ಅವರು ಹುಟ್ಟಿದ್ದು ಕೃಷ್ಣಾ ನದಿಯ ದಂಡೆಯ ಗಲಗಲಿಯಲ್ಲಿ. ಮ್ಯಾಟ್ರಿಕ್ ಆದ ಮೇಲೆ ವಿಜಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಟೈಪಿಂಗ್, ಶೀಘ್ರಲಿಪಿ ಎರಡನ್ನೂ ಕಲಿತರು. ಇಪ್ಪತ್ತೆರಡನೆಯ ವಯಸ್ಸಿಗೆ ಪರೀಕ್ಷೆ ಪಾಸಾಗಿ ದಿಲ್ಲಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾದರು. ಹಿಂದಿ ಬರುತ್ತಿರಲಿಲ್ಲ, ಚಳಿ ತಡೆಯುತ್ತಿರಲಿಲ್ಲ. ಕನ್ನಡದ ಎರಡು ಮಾತು ಕಿವಿಗೆ ಬೀಳಲೆಂದು ಒಂದು ಸಂಜೆ ಸೈಕಲ್ ಹತ್ತಿ, ಸದಸ್ಯರ ವಸತಿಗಳಿದ್ದ ಸೌತ್ ಅವೆನ್ಯೂಗೆ ಹೋದರು. ಅಲ್ಲಿ ಮೈಸೂರು ರಾಜ್ಯದ ಸದಸ್ಯರೊಬ್ಬರು ಇಂಗ್ಲಿಷ್ ಟೈಪ್ ಬಲ್ಲ ಕನ್ನಡದವನು ಸಿಕ್ಕನೆಂದು ಖುಷಿಪಟ್ಟು ಅಂದೇ ಮೂರು ಪತ್ರ ಬರೆಸಿದರು. ಅಲ್ಲಿಂದ ಮುಂದೆ ಕಚೇರಿ ಬಿಟ್ಟ ಮೇಲೆ ಇದೇ ಅವರ ಎರಡನೆಯ ಕೆಲಸವಾಯಿತು.

ರಾಜ್ಯಸಭೆಯ ಸದಸ್ಯತ್ವ ಆರು ವರ್ಷದ್ದು. ಆದರೆ ಎಲ್ಲರೂ ಒಟ್ಟಿಗೆ ಹೋಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಪಾಲು ಇಳಿಯುತ್ತದೆ, ಅಷ್ಟೇ ಜನ ಹೊಸಬರು ಬರುತ್ತಾರೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬೇಸಿಗೆ ಬಂತೆಂದರೆ ಆ ವಸತಿಗಳ ಮೆಟ್ಟಿಲ ಮೇಲೆ ಟ್ರಂಕುಗಳು ನಿಲ್ಲುತ್ತಿದ್ದವು. ಹಳಬರು ಹಾಸಿಗೆ ಸುತ್ತಿಸುತ್ತಿದ್ದರು, ಹೊಸಬರು ನಳದಲ್ಲಿ ನೀರು ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರು. ೧೯೬೪ರ ಬೇಸಿಗೆಯಲ್ಲಿ ಒಂದು ತಗಡಿನ ಟ್ರಂಕು, ಒಂದು ಜೋಳದ ಹಿಟ್ಟಿನ ಚೀಲ ಹೊತ್ತುಕೊಂಡು ಬಂದವರು ಅವ್ವಣ್ಣ ಮ್ಯಾಕೇರಿ.

ಜೇವರ್ಗಿ ಕಡೆಯ ಹಳ್ಳಿಯವರು. ವಯಸ್ಸು ಐವತ್ತರ ಸುಮಾರು. ನಿಜಾಮರ ಕಾಲದಲ್ಲಿ ಓದಿದ್ದರಿಂದ ಉರ್ದು ಚೆನ್ನಾಗಿ ಬರುತ್ತಿತ್ತು, ಕನ್ನಡ ಓದುತ್ತಿದ್ದರು, ಇಂಗ್ಲಿಷ್ ಅಕ್ಷರವೂ ತಿಳಿಯದು. ಸಂಸ್ಥಾನದ ವಿರುದ್ಧ ಹೋರಾಡಿ ಜೈಲು ಕಂಡವರು, ಆಮೇಲೆ ಕಲ್ಲು ಒಡೆಯುವ, ಮಣ್ಣು ಹೊರುವ ಜನರ ಸಂಘ ಕಟ್ಟಿದವರು. ಅಂಥವರೊಬ್ಬರು ಮೇಲ್ಮನೆಯಲ್ಲಿ ಇರಲಿ ಎಂದು ಪಕ್ಷದ ಹಿರಿಯರಿಗೆ ಅನಿಸಿತ್ತು, ಕಳಿಸಿದ್ದರು.

ಬಂದ ಮೊದಲ ವರ್ಷವೇ ಅವ್ವಣ್ಣ ಸಭೆಯಲ್ಲಿ ಒಂದು ಪ್ರಶ್ನೆ ಕೇಳಲು ಎದ್ದರು. ಬಾಯಿಗೆ ಬಂದದ್ದು ತಮ್ಮ ಕಡೆಯ ಉರ್ದು. ಅದರ ಧಾಟಿ ಕೇಳಿ ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ, ಆದರೂ ಅವ್ವಣ್ಣ ಕೂತುಬಿಟ್ಟರು. ಮುಂದೆ ಮೂರು ವರ್ಷ ಬಾಯಿ ತೆರೆಯಲಿಲ್ಲ. ದಿನವೂ ಹೋಗುವರು, ಮೊದಲಿಂದ ಕೊನೆಯವರೆಗೆ ಕೂತು ಕೇಳುವರು, ಮರಳಿ ಬಂದು ರೊಟ್ಟಿ ತಿನ್ನುವರು. ಕೃಷ್ಣಾಜಿಯಿಂದ ಬರೆಸುತ್ತಿದ್ದದ್ದು ಹಳ್ಳಿಯ ಬಾವಿ, ಶಾಲೆಯ ತಗಡು, ಯಾರದೋ ಪಿಂಚಣಿ, ಇಂಥ ಪತ್ರಗಳು.

೧೯೬೭ರ ಮಳೆಗಾಲದಲ್ಲಿ ಪುಣೆಯ ಹತ್ತಿರದ ಒಂದು ಕಲ್ಲುಗಣಿಯ ಗೋಡೆ ಕುಸಿಯಿತು. ಒಂಬತ್ತು ಜನ ಸತ್ತರು. ಎಲ್ಲರೂ ಅವ್ವಣ್ಣನವರ ಸೀಮೆಯಿಂದ ಗುಳೆ ಬಂದವರು. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ಹೆಸರಿಲ್ಲ ಎಂದ ಮೇಲೆ ಅವರು ಅಲ್ಲಿ ಕೆಲಸಕ್ಕೇ ಇರಲಿಲ್ಲ ಎಂದು ಅವನು ವಾದಿಸಿದ. ಸುದ್ದಿ ತಿಳಿದು ಅವ್ವಣ್ಣ ಗಣಿಗೆ ಹೋಗಿ, ಅಲ್ಲಿಂದ ಊರಿಗೆ ಹೋಗಿ, ಹದಿನೈದು ದಿನ ಬಿಟ್ಟು ದಿಲ್ಲಿಗೆ ಬಂದರು. ಬಂದವರೇ ಕೃಷ್ಣಾಜಿಯನ್ನು ಕರೆಸಿದರು.

"ಕಾರ್ಮಿಕರ ಚರ್ಚಾದಾಗ ನಾ ಮಾತಾಡಂವ ಇದ್ದೀನಿ. ಕನ್ನಡದಾಗ ಮಾತಾಡ್ಲಿಕ್ಕಿ ಸಭಾಪತಿಯವರ ಪರವಾನಗಿ ತಗೊಂಡೀನಿ. ನೀನೂ ಬಂದು ಕೇಳು. ಮರುದಿನ ಇಂಗ್ಲಿಷ್ ಮಾಡಿ ಕೊಡಬೇಕಾಗ್ತದ, ಅದು ನಿನ್ನ ಕೈಯಾಗೇ ಆಗಬೇಕು."

ಪ್ರೇಕ್ಷಕರ ಗ್ಯಾಲರಿಯ ಪಾಸಿನ ಮೇಲೆ ಅವ್ವಣ್ಣ ಉರ್ದುವಿನಲ್ಲಿ ಸಹಿ ಹಾಕಿಕೊಟ್ಟರು. ಕೃಷ್ಣಾಜಿ ಅರ್ಧ ದಿನ ರಜೆ ಹಾಕಿ ಹೋದರು. ಅವ್ವಣ್ಣ ಎದ್ದಾಗ ಸಭೆಯಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ ಇದ್ದವು. ಅವರು ಹನ್ನೆರಡು ನಿಮಿಷ ಮಾತಾಡಿದರು. ಅದು ಭಾಷಣದ ಧಾಟಿಯಾಗಿರಲಿಲ್ಲ, ಚಾವಡಿಯಲ್ಲಿ ಕೂತು ಹೇಳಿದ ಹಾಗಿತ್ತು. ಗಣಿ ಎಷ್ಟು ಆಳವಿತ್ತು, ಗೋಡೆ ಬಿರುಕು ಬಿಟ್ಟದ್ದನ್ನು ಯಾರು ಹೇಳಿದ್ದರು, ಹೇಳಿದವನನ್ನು ಹೇಗೆ ಬೈದು ಇಳಿಸಿದರು, ಎಲ್ಲ ಹೇಳಿದರು. ಕೊನೆಗೆ, ಪುಸ್ತಕದಲ್ಲಿ ಇವರ ಹೆಸರಿಲ್ಲವಂತೆ, ಈ ಸಭೆಯ ಪುಸ್ತಕದಲ್ಲಾದರೂ ಇರಲಿ ಎಂದು ಒಂಬತ್ತು ಹೆಸರುಗಳನ್ನು ಒಂದೊಂದಾಗಿ, ನಡುನಡುವೆ ನಿಂತು, ಹೇಳಿ ಕೂತರು. ಈ ಸಲ ಯಾರೂ ನಗಲಿಲ್ಲ. ಯಾರಿಗೂ ಅರ್ಥವಾಗಿರಲೂ ಇಲ್ಲ.

ಭಾಷಾಂತರವನ್ನು ಮರುದಿನ ಹತ್ತು ಗಂಟೆಯೊಳಗೆ ಮುಟ್ಟಿಸಬೇಕಿತ್ತು. ಕೃಷ್ಣಾಜಿ ಬೆಳಿಗ್ಗೆ ಆರಕ್ಕೇ ಬಂದು ಅವ್ವಣ್ಣನವರ ಮೇಜಿನ ಮುಂದೆ ಕೂತರು. ಅವರಿಗೆ ಆಗ ಇಪ್ಪತ್ತೇಳು. ತಮ್ಮ ಇಂಗ್ಲಿಷಿನ ಬಗ್ಗೆ ಅವರಿಗೆ ಅಭಿಮಾನವಿತ್ತು, ಮೇಲ್ಮನೆಯ ದೊಡ್ಡ ವಕೀಲರ ಭಾಷಣಗಳನ್ನು ಟೈಪ್ ಮಾಡಿ ಮಾಡಿ ಆ ಗತ್ತು ಕೈಗೆ ಹತ್ತಿತ್ತು. ಬಿರುಕು ಬಿಟ್ಟ ಗೋಡೆ ಅವರ ಕೈಯಲ್ಲಿ 'ಸುರಕ್ಷತಾ ಕ್ರಮಗಳ ವಿಷಾದನೀಯ ಅಭಾವ'ವಾಯಿತು. ಬೈದು ಇಳಿಸಿದ್ದು 'ಕಾರ್ಮಿಕರ ಅಹವಾಲಿನ ಕಡೆಗಣನೆ'ಯಾಯಿತು. ಹೆಸರುಗಳ ಹತ್ತಿರ ಬಂದಾಗ ಹತ್ತಾಗಲು ಅರ್ಧ ಗಂಟೆ ಇತ್ತು. ಅವ್ವಣ್ಣ ಕನ್ನಡದಲ್ಲಿ ಹೆಸರು ಗೀಚಿಕೊಂಡಿದ್ದ ಚೀಟಿಯಲ್ಲಿ ಒಂದೆರಡು ತಿಳಿಯುತ್ತಿರಲಿಲ್ಲ. ಕೇಳಬಹುದಿತ್ತು, ಅವ್ವಣ್ಣ ಒಳಗೆ ಸ್ನಾನಕ್ಕೆ ಹೋಗಿದ್ದರು. ಇಷ್ಟಕ್ಕೂ, ಇಂಥ ಹೆಸರುಗಳ ಸಾಲು ಆ ಇಂಗ್ಲಿಷಿನ ಕೊನೆಗೆ ಒಪ್ಪುವುದಿಲ್ಲ, ಓದಿದವರು ಅವ್ವಣ್ಣನವರನ್ನೇ ಹಳ್ಳಿಗಮಾರ ಅಂದಾರು ಅನಿಸಿತು. 'ನನ್ನ ಜಿಲ್ಲೆಗೆ ಸೇರಿದ ಹಲವಾರು ಕಾರ್ಮಿಕರು' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಹೊಡೆದು ಹಾಳೆ ಹೊರಗೆಳೆದರು.

ಅವ್ವಣ್ಣ ಟವೆಲು ಹೆಗಲ ಮೇಲೆ ಹಾಕಿಕೊಂಡು ಬಂದರು.

"ಎಲ್ಲಾ ಬರದೆಪ್ಪಾ?"

"ಬರದೇನ್ರಿ."

"ಹೆಸರು? ಒಂಬತ್ತೂ ಬಂದಾವ?"

"ಬಂದಾವ್ರಿ."

ಅವ್ವಣ್ಣ ಹಾಳೆ ತಿರುವಿ ನೋಡಿ, ಕೊನೆಯಲ್ಲಿ ಸಹಿ ಹಾಕಿದರು. ಕೃಷ್ಣಾಜಿ ಸೈಕಲ್ ತುಳಿದುಕೊಂಡು ಹೋಗಿ ಮುಟ್ಟಿಸಿ, ಅಲ್ಲಿಂದ ಕಚೇರಿಗೆ ಹೋದರು.

ಕೆಲವು ತಿಂಗಳ ಮೇಲೆ ಅಚ್ಚಾದ ಕಲಾಪದ ಪುಸ್ತಕ ಬಂತು. ಅವ್ವಣ್ಣ ಅದನ್ನು ತೆರೆದು ಕೃಷ್ಣಾಜಿಯ ಮುಂದೆ ಹಿಡಿದರು. "ಹೆಸರು ಎಲ್ಲಿ ಅವ, ಒಂದೀಟು ತೋರ್ಸು." ನಿಜ ಹೇಳಲು ಅದು ಎರಡನೆಯ ಅವಕಾಶ. ಕೃಷ್ಣಾಜಿ ಆ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲೆ ಅದಾವ್ರಿ" ಎಂದರು. ಅವ್ವಣ್ಣ ಪೆನ್ಸಿಲ್ ತೆಗೆದುಕೊಂಡು ಅದರ ಕೆಳಗೆ ಗೆರೆ ಎಳೆದರು. ಪುಸ್ತಕವನ್ನು ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ಇಟ್ಟರು. ೧೯೭೦ರಲ್ಲಿ ಅವಧಿ ಮುಗಿದಾಗ ಪಕ್ಷ ಮತ್ತೆ ಕಳಿಸಲಿಲ್ಲ. ಅದೇ ಟ್ರಂಕು ಹೊತ್ತು ಊರಿಗೆ ಹೋದರು, ನಾಲ್ಕು ವರ್ಷಕ್ಕೆ ತೀರಿಕೊಂಡರು ಎಂದು ಯಾರೋ ಹೇಳಿದರು.

ಆ ಸುದ್ದಿ ಬಂದ ೧೯೭೪ರಲ್ಲೇ ಕೃಷ್ಣಾಜಿಗೆ ಪುಣೆಗೆ ವರ್ಗವಾಯಿತು. ಹೆಂಡತಿ ಅಂಬಾಬಾಯಿ, ಮಗಳು ನೀರಜಾರನ್ನು ಕರೆದುಕೊಂಡು ಬಂದವರು ಇಲ್ಲಿಯವರೇ ಆಗಿಬಿಟ್ಟರು. ಹೆಡ್ ಕ್ಲಾರ್ಕಾಗಿ ನಿವೃತ್ತರಾದರು, ಮಗಳನ್ನು ಕೊಟ್ಟದ್ದೂ ಪುಣೆಯಲ್ಲೇ, ಈಗ ಮಗಳು ಅಳಿಯನ ಜೊತೆ ಧನಕವಡಿಯಲ್ಲಿ ಇರುತ್ತಾರೆ. ಐವತ್ತು ವರ್ಷದಲ್ಲಿ ಆ ಗಣಿ ಎಲ್ಲಿತ್ತು ಎಂದು ಒಮ್ಮೆಯೂ ವಿಚಾರಿಸಲಿಲ್ಲ.

ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಮನೆ ಹುಡುಕಿಕೊಂಡು ಬಂದಳು. ಮೊದಲು ಮರಾಠಿಯಲ್ಲಿ ಮಾತಾಡಿದವಳು, ಒಳಗಿನಿಂದ ಅಂಬಾಬಾಯಿಯವರ ದನಿ ಕೇಳಿ ಕನ್ನಡಕ್ಕೆ ತಿರುಗಿದಳು.

"ನನ್ನ ಹೆಸರು ತ್ರಿವೇಣಿ ಅಂತ್ರಿ ಕಾಕಾ. ತಳೇಗಾಂವ ದಾಭಾಡೆದಾಗ ಕಂಪನಿ ಸ್ಟೋರ್ಸಿನಾಗ ಕೆಲಸ ಮಾಡ್ತೀನಿ. ಅವ್ವಣ್ಣ ಮ್ಯಾಕೇರಿಯವರ ಮೊಮ್ಮಗಳು."

ಕೃಷ್ಣಾಜಿ ಎದ್ದು ನಿಂತರು. ಯಾಕೆ ನಿಂತೆ ಎಂದು ತಿಳಿಯದೆ ಮತ್ತೆ ಕೂತರು.

ತ್ರಿವೇಣಿಯ ಅಪ್ಪ ಧರ್ಮರಾಜ ಕಾರ್ಖಾನೆಯ ಕೆಲಸಕ್ಕೆಂದು ಪುಣೆಯ ಹತ್ತಿರದ ತಳೇಗಾಂವಕ್ಕೆ ಬಂದವನು. ರಾಜ್ಯಸಭೆಯ ಸದಸ್ಯತ್ವ ಆ ಮನೆಗೆ ತಂದುಕೊಟ್ಟಿದ್ದು ಟ್ರಂಕಿನಲ್ಲಿದ್ದ ಕೆಲವು ಪುಸ್ತಕಗಳನ್ನಷ್ಟೇ. ಅವ್ವಣ್ಣನವರ ಊರಿನ ಹೈಸ್ಕೂಲಿನವರು ಈಗ ಹೊಸ ಕೋಣೆಯೊಂದಕ್ಕೆ ಅವರ ಹೆಸರಿಟ್ಟು, ಅವರ ಭಾಷಣವನ್ನು ಕನ್ನಡದಲ್ಲಿ ಗೋಡೆಯ ಮೇಲೆ ಬರೆಸಬೇಕೆಂದಿದ್ದರು. ಅವಳಿಗೆ ಕನ್ನಡ ಮಾತು ಬರುತ್ತಿತ್ತು, ಓದು ಬರಹ ಬರುತ್ತಿರಲಿಲ್ಲ, ಓದಿದ್ದೆಲ್ಲ ಮರಾಠಿ ಶಾಲೆ. ಅವಳ ಸಹೋದ್ಯೋಗಿಯ ತಂದೆ ಕೃಷ್ಣಾಜಿಯವರ ಜೊತೆ ತಿರುಗಾಡುವವರು. ಅವರೇ ಈ ವಿಳಾಸ ಕೊಟ್ಟಿದ್ದರು.

ಅವಳು ಚೀಲದಿಂದ ಹಳದಿಗಟ್ಟಿದ ಪುಸ್ತಕ ತೆಗೆದಳು.

"ಆವಾಗ ಕನ್ನಡದಾಗೇ ಮಾತಾಡ್ಯಾನಂತ ಮುತ್ಯಾ. ಆದ್ರ ಇದರಾಗ ಇಂಗ್ಲಿಷ್ ಅಷ್ಟೇ ಅದ. ನೀವು ಇದನ್ನ ಕನ್ನಡ ಮಾಡಿ ಕೊಡ್ತೀರೇನ್ರಿ? ಮತ್ತ ಇನ್ನೊಂದು ಕೇಳೂದಿತ್ತು. ಇಡೀ ಪುಸ್ತಕದಾಗ ಇದೊಂದೇ ಸಾಲಿನ ತಳಗ ಮುತ್ಯಾ ಗೆರಿ ಹಾಕ್ಯಾನ. ನಾ ಎಷ್ಟು ಸಲ ಓದಿದ್ರೂ ಅದರಾಗ ಏನೂ ವಿಶೇಷ ಇಲ್ಲ. ಯಾಕ ಹಾಕಿರಬೇಕು?"

ಕೃಷ್ಣಾಜಿ ಗೆರೆ ನೋಡಿದರು. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು.

"ಪುಸ್ತಕ ಇಟ್ಟು ಹೋಗವಾ. ಮುಂದಿನ ಐತವಾರ ಬಾ" ಎಂದರು.

ಮೂರು ದಿನ ಅವರು ಬರೆಯಲು ಕೂತರು. ತಮ್ಮದೇ ಇಂಗ್ಲಿಷನ್ನು ಕನ್ನಡ ಮಾಡಿದರೆ ಅದು ಅವ್ವಣ್ಣನವರ ಮಾತಾಗುತ್ತಿರಲಿಲ್ಲ. 'ವಿಷಾದನೀಯ ಅಭಾವ' ಎಂದು ಬರೆದು ಹೊಡೆದುಹಾಕಿದರು. ಗ್ಯಾಲರಿಯಲ್ಲಿ ಕೇಳಿದ ಮಾತುಗಳು ಅಲ್ಲಲ್ಲಿ ನೆನಪಾಗುತ್ತಿದ್ದವು, ಅವನ್ನು ಹಾಗೆಯೇ ಬರೆದರು. ಪೆನ್ಸಿಲ್ ಗೆರೆಯ ಹತ್ತಿರ ಬಂದಾಗ ಕೈ ನಿಂತಿತು. ಬುಧವಾರ ಊಟಕ್ಕೆ ಕರೆದರೂ ಏಳಲಿಲ್ಲ. ಅಂಬಾಬಾಯಿ ಬಂದು ಎದುರಿಗೆ ಕೂತರು.

"ಏನಾಗೇದ ಹೇಳ್ರಿ. ಆ ಹುಡುಗಿ ಬಂದು ಹೋದಾಗಿಂದ ನೋಡ್ಲಿಕ್ಕತ್ತೇನಿ."

ಅವರು ಹೇಳಿದರು. ಐವತ್ತೆಂಟು ವರ್ಷ ಜೊತೆಗಿದ್ದ ಹೆಂಡತಿಗೆ ಇದನ್ನು ಹೇಳಿದ್ದು ಇದೇ ಮೊದಲು. ಅಂಬಾಬಾಯಿ ಪೂರ್ತಿ ಕೇಳಿದರು.

"ಅವರು ಊರಿಂದ ತಂದ ಹಿಟ್ಟಿನಾಗ ನಾ ಎಷ್ಟು ಸರ್ತಿ ಭಕ್ರಿ ಬಡದೇನಿ" ಎಂದರು ಆಮೇಲೆ. "ಒಂಬತ್ತರಾಗ ಈಗ ಎಷ್ಟು ನೆನಪವ?"

"ನಾಕು."

"ನಾಕು ಬರೀರಿ. ಉಳಿದದ್ದು ಆಕಿ ಊರಾಗ ಕೇಳ್ಲಿ. ಆದ್ರ ನೀವು ಮಾಡಿದ್ದು ಆಕಿಗೆ ನೀವಽ ಹೇಳಬೇಕು. ಪುಸ್ತಕದಾಗ ಇರಲಿಲ್ಲ ಅಂತ ಜಾರಿಕೋಬ್ಯಾಡ್ರಿ."

ಭಾನುವಾರ ತ್ರಿವೇಣಿ ಬಂದಳು. ಕೃಷ್ಣಾಜಿ ಪೀಠಿಕೆ ಹಾಕಲಿಲ್ಲ.

"ಈ ಗೆರಿ ನಿಮ್ಮ ಮುತ್ಯಾ ಹಾಕಿದ್ದು ಖರೆ. ಹಾಕಿಸಿದಾಂವ ನಾನು. ಇಲ್ಲಿ ಒಂಬತ್ತು ಮಂದಿ ಹೆಸರು ಇರಬೇಕಾಗಿತ್ತು. ಅವರು ಸಭಾದಾಗ ಹೇಳಿದ್ರು. ಇಂಗ್ಲಿಷ್ ಮಾಡುವಾಗ ನಾ ಬಿಟ್ಟೆ. ಬಂದಾವೇನು ಅಂತ ಕೇಳಿದ್ರು, ಬಂದಾವ ಅಂದೆ. ಅವರಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಸಾಯೂತನಕಾ ಇಲ್ಲಿ ಹೆಸರು ಅದಾವ ಅಂತನಽ ತಿಳಕೊಂಡಿದ್ರು."

ತ್ರಿವೇಣಿ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಯಾಕ ಬಿಟ್ರಿ?" ಎಂದಳು.

"ಹೊತ್ತಾಗಿತ್ತು. ಅದಕ್ಕಿಂತ ಹೆಚ್ಚು, ಚಂದ ಕಾಣೂದಿಲ್ಲ ಅನಿಸ್ತು."

"ಈಗ ಯಾವ ಯಾವ ಹೆಸರು ನೆನಪವ?"

"ಹಣಮವ್ವ. ದ್ಯಾವಪ್ಪ. ಮಾಳಪ್ಪ." ಕೃಷ್ಣಾಜಿ ಬೆರಳು ಮಡಿಸಿದರು. "ಎಲ್ಲಾರಿಗಿಂತ ಕಡೀಕ ಶಿವಗಂಗವ್ವ. ಆ ಹೆಸರಿಗೆ ಅವರು ಭಾಳ ಹೊತ್ತು ನಿಂತಿದ್ರು. ಕಾಗದ ಕಾಣವಲ್ದೇನೋ ಅಂತ ನಾ ತಿಳಕೊಂಡೆ."

ತ್ರಿವೇಣಿಯ ಮುಖ ಬದಲಾಯಿತು.

"ಶಿವಗಂಗವ್ವ ಮುತ್ಯಾನ ಚಿಕ್ಕವ್ವನ ಮಗಳ್ರಿ. ಒಂದೇ ಮನ್ಯಾಗ ಬೆಳದವರು. ದುಡೀಲಿಕ್ಕ ಹೋದಾಕಿ ಹೊಳ್ಳಿ ಬರಲಿಲ್ಲ ಅಂತ ನಮ್ಮಪ್ಪ ಹೇಳ್ತಿದ್ದ. ಎಲ್ಲಿ, ಹ್ಯಾಂಗ ಅಂತ ನಮಗ್ಯಾರಿಗೂ ಗೊತ್ತಿಲ್ಲ."

"ತಂಗಿ ಅಂತ ಸಭಾದಾಗ ಅವರು ಹೇಳಲಿಲ್ಲವಾ" ಎಂದರು ಕೃಷ್ಣಾಜಿ. "ನನಗೂ ಹೇಳಲಿಲ್ಲ."

ಅಂಬಾಬಾಯಿ ಅವಳಿಗೆ ನೀರು ತಂದುಕೊಟ್ಟರು. ತ್ರಿವೇಣಿ ಕುಡಿದು, ಕೃಷ್ಣಾಜಿ ಬರೆದಿಟ್ಟಿದ್ದ ಕನ್ನಡದ ಹಾಳೆಗಳನ್ನು ಓದಿ ಹೇಳಲು ಕೇಳಿದಳು. ಕೃಷ್ಣಾಜಿ ಓದಿದರು. ಮುಗಿದ ಮೇಲೆ ಅವಳು, "ಮುತ್ಯಾ ಹಿಂಗೇ ಮಾತಾಡ್ತಿದ್ದ ಅಂತ ನಮ್ಮಪ್ಪ ಹೇಳ್ತಿದ್ದ" ಎಂದಳು. ಪರವಾಗಿಲ್ಲ ಎಂದು ಹೇಳಲಿಲ್ಲ. ಕೃಷ್ಣಾಜಿಯೂ ಅದನ್ನು ನಿರೀಕ್ಷಿಸಿರಲಿಲ್ಲ. ಹೋಗುವಾಗ ಅಂಬಾಬಾಯಿಯವರ ಕಾಲಿಗೆ ನಮಸ್ಕರಿಸಿ, ಕೃಷ್ಣಾಜಿಗೆ ಬರೀ ಕೈಮುಗಿದು ಹೋದಳು.

ದೀಪಾವಳಿ ರಜೆಯಲ್ಲಿ ಅವಳು ಊರಿಗೆ ಹೋದಳು. ಅಲ್ಲಿಂದಲೇ ಫೋನು ಮಾಡಿದಳು. ತೊಂಬತ್ತರ ಒಬ್ಬ ಮುದುಕಿ ಮೂರು ಹೆಸರು ಹೇಳಿದ್ದಳು: ಲಗಮವ್ವ, ಭೀಮಶಾ, ಸಾಬಣ್ಣ. ಉಳಿದ ಇಬ್ಬರು ಹೊಳೆಯ ಆಚೆ ದಂಡೆಯ ಊರಿನ ಅಣ್ಣತಮ್ಮಂದಿರು ಎಂದಷ್ಟೇ ಅವಳಿಗೆ ಗೊತ್ತಿತ್ತು. ತ್ರಿವೇಣಿ ಆ ಊರಿಗೂ ಹೋಗಿ ಎರಡು ದಿನ ವಿಚಾರಿಸಿದ್ದಳು, ಸಿಕ್ಕಿರಲಿಲ್ಲ. ಕೃಷ್ಣಾಜಿ ಅವಳು ಹೇಳಿದ ಒಂದೊಂದು ಹೆಸರನ್ನೂ ಕೇಳಿ, ಹೌದು, ಹೀಗೇ ಕೇಳಿದ ನೆನಪು ಎಂದರು. ಅಣ್ಣತಮ್ಮಂದಿರ ಹೆಸರು ಮಾತ್ರ ಎಷ್ಟು ತಿಣುಕಿದರೂ ಬರಲಿಲ್ಲ.

"ಮತ್ತಿಬ್ಬರು ಅಂತ ಬರಸ್ತೀನಿ ಕಾಕಾ" ಎಂದಳು.

"ಬರಸು. ತಳಗ ಇನ್ನೊಂದು ಸಾಲು ಬರಸವಾ. ಇಂಗ್ಲಿಷ್ ಭಾಷಾಂತರದಲ್ಲಿ ಈ ಹೆಸರುಗಳನ್ನು ಕೈಬಿಟ್ಟವನು ಕೃಷ್ಣಾಜಿ ಗಲಗಲಿ ಅಂತ."

"ಸಾಲಿ ಗ್ವಾಡಿ ಮ್ಯಾಗ ಅದು ಬ್ಯಾಡ್ರಿ. ಹುಡುಗರು ಓದ್ತಾರ."

"ಓದ್ಲಿ."

ಹೆಡ್‌ಮಾಸ್ತರರು ಒಪ್ಪಲಿಲ್ಲ. ಆಮೇಲೆ, ಕೃಷ್ಣಾಜಿ ಒಂದು ಪತ್ರ ಬರೆದು ಸಹಿ ಮಾಡುವುದು, ಅದನ್ನು ಕಲಾಪದ ಪುಸ್ತಕದ ಜೊತೆ ಶಾಲೆಯ ಕಪಾಟಿನಲ್ಲಿ ಇಡುವುದು ಎಂದಾಯಿತು. ಹಳೆಯ ಟೈಪ್‌ರೈಟರು ಯಾವತ್ತೋ ಗುಜರಿಗೆ ಹೋಗಿತ್ತು. ಅವರು ಕೈಯಲ್ಲೇ ಒಂದು ಪುಟ ಬರೆದರು, ಎರಡು ಸಲ ಪ್ರತಿ ಮಾಡಿದರು, ನೀರಜಾ ಅದನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದಳು.

ಜನವರಿಯಲ್ಲಿ ತ್ರಿವೇಣಿ ಗೋಡೆಯ ಫೋಟೋ ಕಳಿಸಿದಳು. ನೀಲಿ ಅಕ್ಷರದಲ್ಲಿ ಇಡೀ ಭಾಷಣ, ಕೊನೆಗೆ ಒಂದರ ಕೆಳಗೊಂದು ಏಳು ಹೆಸರು, 'ಮತ್ತು ಹೆಸರು ಸಿಗದ ಇಬ್ಬರು ಅಣ್ಣತಮ್ಮಂದಿರು.' ನೀರಜಾ ಮೊಬೈಲಿನ ಚಿತ್ರ ಹಿಗ್ಗಿಸಿ ತೋರಿಸಿದಳು. ಕೃಷ್ಣಾಜಿ ಒಂದೊಂದೇ ಓದಿ, ಮೊದಲನೆಯದಕ್ಕೆ ಮರಳಿ ಬಂದು, ಕೂಡಲೇ ತ್ರಿವೇಣಿಗೆ ಫೋನು ಹಚ್ಚಲು ಹೇಳಿದರು. ಅವಳು ಕೆಲಸದಲ್ಲಿದ್ದಳು, ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು.

"ತಂಗಿ, ಪೇಂಟರ್ ಹಣಮಪ್ಪ ಅಂತ ಬರದಾನ. ಅದು ಹಣಮವ್ವ. ಹೆಣ್ಮಗಳು ಆಕಿ."

"ನಾ ನೋಡೇ ಇಲ್ರಿ ಕಾಕಾ. ಇವತ್ತೇ ಹೇಳ್ತೀನಿ."

"ಮರೀಬ್ಯಾಡ."

"ಮರಿಯಂಗಿಲ್ರಿ. ಮತ್ತ, ಕಾಕಾ, ಹೊಳಿ ಆಚಿ ಊರಿಂದ ಒಬ್ಬ ಫೋನ್ ಮಾಡಿದ್ದ. ಅವರ ಮನಿಯ ಇಬ್ಬರು ಖಣಿ ಕೆಲಸಕ್ಕ ಹೋಗಿ ಸತ್ತಿದ್ರಂತ. ಅವರೇ ಹೌದೋ ಅಲ್ಲೋ ಗೊತ್ತಿಲ್ಲ. ಯುಗಾದಿಗಿ ಹೋದಾಗ ಕೇಳಿ ಬರ್ತೀನಿ. ಹೆಸರು ಹೇಳಿದ್ರ ನಿಮಗ ಗುರ್ತು ಹತ್ತತದೇನು?"

"ಕೇಳಿದ್ರ ಹತ್ತಬಹುದು" ಎಂದರು ಕೃಷ್ಣಾಜಿ. "ಹತ್ತಲಿಲ್ಲ ಅಂದ್ರ, ಹತ್ತಲಿಲ್ಲ ಅಂತನಽ ಹೇಳ್ತೇನಿ."

ನಾಲ್ಕು ದಿನ ಬಿಟ್ಟು ಇನ್ನೊಂದು ಫೋಟೋ ಬಂತು. ಒಂದೆರಡು ಅಕ್ಷರವನ್ನು ಸುಣ್ಣದಿಂದ ಅಳಿಸಿ ಮತ್ತೆ ಬರೆದಿದ್ದರು, ಅಲ್ಲಿ ನೀಲಿ ಸ್ವಲ್ಪ ಗಾಢವಾಗಿತ್ತು. ಹೆಸರು ಸರಿಯಿತ್ತು.